ಚಾರಿತ್ರಿಕ ಸ್ಥಳಗಳು: ನಮ್ಮ ಊರಿನ ಮೀಸಲು ನಿಧಿ



ನಮ್ಮ ಸಹಕಾರಿ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ರಜತ ಮಹೋತ್ಸವ ಆಚರಿಸಿಕೊಳ್ಳುತ್ತಿರುವುದು ನಮಗೆಲ್ಲರಿಗೂ ಸಂತೋಷದ ಸಂಗತಿ. ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ಠರಾವಾಯಿತು. ಸಾಲ, ಠೇವಣಿ, ಗೊಬ್ಬರದ ಲೆಕ್ಕವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಹೇಗೂ ಬಂದೇ ಬರುತ್ತದೆ. ಆದ್ದರಿಂದ ನಾವು ಬೇರೊಂದು ವಿಷಯ ಆರಿಸಿಕೊಂಡಿದ್ದೇವೆ. ನಾವು ಗದ್ದೆ ಮಾಡುವವರು, ಎಸ್.ಎಸ್.ಎಲ್.ಸಿ.ವರೆಗೆ ಓದಿದವರು. ಇತಿಹಾಸದ ಪಂಡಿತರಲ್ಲ. ಆದರೆ ನಮ್ಮ ಕಾಲ ಬುಡದಲ್ಲೇ ಇರುವ ಇತಿಹಾಸದ ಬಗ್ಗೆ ಪಂಡಿತರು ಬಂದು ಹೇಳುವತನಕ ಕಾಯುವುದೂ ಸರಿಯಲ್ಲ.

ಸಹಕಾರಿ ಸಂಘದ ಸ್ಮರಣ ಸಂಚಿಕೆಯಲ್ಲಿ ಕೋಟೆ, ಗುಡಿ, ಶಾಸನದ ಮಾತು ಯಾಕೆ ಅಂತ ಕೆಲವರು ಕೇಳಬಹುದು. ಸಂಬಂಧ ಇದೆ. ನಮ್ಮ ಸಂಘದ ಅಢಾವೆ ಪತ್ರಿಕೆಯಲ್ಲಿ ಪ್ರತಿ ವರ್ಷ 'ಮೀಸಲು ನಿಧಿ' ಎಂಬ ಒಂದು ಬಾಬು ಇರುತ್ತದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸಂಘದ ನಿವ್ವಳ ಲಾಭದಲ್ಲಿ ಕಡಿಮೆಯೆಂದರೆ ಶೇ. 25ರಷ್ಟನ್ನು ಈ ನಿಧಿಗೆ ಹಾಕಲೇಬೇಕು. ಇದನ್ನು ಸದಸ್ಯರು ಡಿವಿಡೆಂಡ್ ಅಂತ ಹಂಚಿಕೊಳ್ಳುವಂತಿಲ್ಲ. ಅಧ್ಯಕ್ಷರಾಗಲಿ ನಿರ್ದೇಶಕರಾಗಲಿ ಮನಬಂದಂತೆ ಖರ್ಚು ಮಾಡುವಂತಿಲ್ಲ. ಹಿಂದಿನ ಸದಸ್ಯರ ದುಡಿಮೆಯಿಂದ ಬಂದದ್ದು ಮುಂದೆ ಬರುವ ಸದಸ್ಯರಿಗೂ ಆಧಾರವಾಗಿ ಇರಬೇಕು ಎಂಬುದು ಇದರ ಉದ್ದೇಶ. ನಾವು ನಡುವೆ ನಿಂತು ಕಾಯುವವರು, ಅಷ್ಟೇ.

ಊರಿಗೂ ಇಂಥದೇ ಒಂದು ಮೀಸಲು ನಿಧಿ ಇದೆ. ಅದೇ ನಮ್ಮ ಚಾರಿತ್ರಿಕ ಸ್ಥಳಗಳು. ಹಳೆಯ ಕೋಟೆ, ಗುಡಿ, ಬಸದಿ, ದರ್ಗಾ, ಇಗರ್ಜಿ, ವೀರಗಲ್ಲು, ಮಾಸ್ತಿಕಲ್ಲು, ಕೆರೆ, ಬಾವಿ, ಸತ್ಯಾಗ್ರಹ ನಡೆದ ಜಾಗ. ಇವುಗಳನ್ನು ನಾವು ಗಳಿಸಿದ್ದಲ್ಲ. ಹಂಚಿಕೊಂಡು ತಿನ್ನುವ ಹಕ್ಕೂ ನಮಗಿಲ್ಲ. ಈ ಒಂದು ಮಾತನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೀಸಲು ಎಂದರೆ ನಮಗೆ ಹೆದರಿಕೆ ಯಾಕೆ?

ಮೀಸಲು ಎಂಬ ಶಬ್ದ ನಮಗೆ ಹೊಸದಲ್ಲ. ದೇವರ ಹೆಸರಿನಲ್ಲಿ ತೆಗೆದಿಟ್ಟ ತೆಂಗಿನಕಾಯಿ ಮೀಸಲು. ಅದನ್ನು ಮನೆಯ ಮಗುವೂ ಮುಟ್ಟುವುದಿಲ್ಲ. ನಮ್ಮ ಜಿಲ್ಲೆಯ ಊರೂರಲ್ಲಿ ದೇವರ ಕಾಡು, ನಾಗಬನ ಇವೆ. ಅಲ್ಲಿ ಕೊಡಲಿ ಹಾಕಬಾರದು ಎಂದು ಯಾವ ಸರಕಾರವೂ ಬೋರ್ಡು ಹಚ್ಚಿರಲಿಲ್ಲ. ಹಿರಿಯರ ಮಾತೇ ಕಾಯ್ದೆಯಾಗಿತ್ತು.

ಆದರೆ ಕಾರವಾರ ಅಂಕೋಲೆಯ ಜನರಿಗೆ ಇಂದು ಸರಕಾರದ ಬಾಯಿಂದ 'ಮೀಸಲು' ಎಂಬ ಮಾತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಕಾರಣವೂ ಇದೆ. ಕಾಳಿ ಹೊಳೆಗೆ ಸೂಪಾ, ಕದ್ರಾ ಅಣೆಕಟ್ಟುಗಳು ಬಂದವು. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬಂದು 2000ರಲ್ಲಿ ವಿದ್ಯುತ್ ಕೊಡಲು ಪ್ರಾರಂಭಿಸಿತು. ನೌಕಾನೆಲೆಗೆ 1986ರಲ್ಲಿ ಆಗಿನ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲು ಹಾಕಿದರು. 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಬಿಣಗಾ, ಅರಗಾ, ಚೆಂಡಿಯಾದಿಂದ ಅಂಕೋಲೆಯ ಕಡೆಯವರೆಗೆ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಸಮುದ್ರ ದಂಡೆ ಬಿಟ್ಟು ಎದ್ದುಹೋದವು. ಕೊಂಕಣ ರೈಲು 1998ರ ಜನವರಿ 26ರಿಂದ ಪೂರ್ತಿ ಓಡತೊಡಗಿತು. ಬೋರ್ಡಿನ ಮೇಲೆ ಕಾರವಾರ ಅಂತ ಇದ್ದರೂ ಸ್ಟೇಷನ್ನು ಇರುವುದು ನಮ್ಮ ಶಿರವಾಡದಲ್ಲೇ ಎಂಬುದು ಎಲ್ಲರಿಗೂ ಗೊತ್ತು. ಇವು ಯಾವುದೂ ಬೇಡವಾಗಿದ್ದವು ಎಂದು ನಾವು ಹೇಳುವುದಿಲ್ಲ. ದೇಶಕ್ಕೆ ವಿದ್ಯುತ್ತು ಬೇಕು, ನೌಕಾದಳ ಬೇಕು, ರೈಲೂ ಬೇಕು. ಆದರೆ ಪ್ರತಿ ಸಲವೂ ಗೂಟ ಹೊಡೆದದ್ದು ನಮ್ಮ ಅಂಗಳದಲ್ಲಿ. ಹಾಗಾಗಿ ಈಗ ಯಾರಾದರೂ ಬಂದು "ಈ ಗುಡ್ಡ ಸಂರಕ್ಷಿತ ಸ್ಥಳ" ಅಂದರೆ, "ಮತ್ತೆ ಎಬ್ಬಿಸಲಿಕ್ಕೆ ಬಂದ್ರು" ಅಂತ ಊರವರು ಹೇಳಿದರೆ ಅದನ್ನು ಅಜ್ಞಾನ ಎನ್ನಲಾಗದು.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಜನರನ್ನು ಹೊರಗಿಟ್ಟು ಮಾಡುವ ಮೀಸಲು ಬೇರೆ, ಜನರಿಗಾಗಿ ಮಾಡುವ ಮೀಸಲು ಬೇರೆ. ಚಾರಿತ್ರಿಕ ಸ್ಥಳಕ್ಕೆ ಬೇಕಾದ್ದು ಎರಡನೆಯದು. ಆ ನೆಲವನ್ನು ಯಾರೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಅಗೆಯುವಂತಿಲ್ಲ. ಆದರೆ ಎಲ್ಲರೂ ಹೋಗಿ ಕೂತು ಬರಬಹುದು. ನಮ್ಮ ಸುತ್ತಲಿನ ನಾಲ್ಕಾರು ಸ್ಥಳಗಳನ್ನು ನೋಡಿದರೆ ಈ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಸದಾಶಿವಗಡ

ಕಾಳಿ ಹೊಳೆ ಸಮುದ್ರ ಸೇರುವಲ್ಲಿ, ಉತ್ತರ ದಂಡೆಯ ಗುಡ್ಡದ ಮೇಲೆ ಸದಾಶಿವಗಡ ಇದೆ. ಗುಡ್ಡದ ಕೆಳಗಿನ ಚಿತ್ತಾಕುಲ ಬಹಳ ಹಳೆಯ ಬಂದರು. ಪೋರ್ತುಗೀಜರ ಬರಹಗಳಲ್ಲಿ ಇದರ ಹೆಸರು 'ಸಿಂತಾಕೋರಾ' ಎಂದು ಬರುತ್ತದೆ. ಕೋಟೆಯನ್ನು ಸೋಂದೆಯ ಅರಸ ಬಸವಲಿಂಗನು 1715ರ ಸುಮಾರಿಗೆ ಕಟ್ಟಿಸಿ ತನ್ನ ತಂದೆ ಸದಾಶಿವನ ಹೆಸರಿಟ್ಟನು. ಘಟ್ಟದ ಮೇಲಿನ ಸೋಂದೆಯ ಅರಸನಿಗೆ ಸಮುದ್ರ ದಂಡೆಯಲ್ಲಿ ಕೋಟೆ ಯಾಕೆ ಬೇಕಾಗಿತ್ತು ಅಂದರೆ, ಕಾಳುಮೆಣಸಿಗಾಗಿ. ಘಟ್ಟದಿಂದ ಇಳಿದ ಮೆಣಸು ಹಡಗು ಹತ್ತುವ ಬಾಗಿಲೇ ಈ ಹೊಳೆಯ ಬಾಯಿ. ಬಾಗಿಲು ಕೈಯಲ್ಲಿದ್ದವನಿಗೇ ಸುಂಕ. ಅದಕ್ಕಾಗಿಯೇ 1752ರಲ್ಲಿ ಪೋರ್ತುಗೀಜರು ಇದನ್ನು ಹಿಡಿದರು, ಎರಡು ವರ್ಷದ ನಂತರ ಬಿಟ್ಟುಕೊಟ್ಟರು. 1763ರಲ್ಲಿ ಹೈದರ ಅಲಿಯ ಸೇನೆ ಬಂತು. ಸೋಂದೆಯ ಅರಸರು ರಾಜ್ಯ ಕಳಕೊಂಡು ಗೋವೆಯಲ್ಲಿ ಆಶ್ರಯ ಪಡೆದರು.

ನಮ್ಮ ಶಿರವಾಡ, ಕಡವಾಡದ ಬದಿಗೂ ಈ ಕತೆಯಲ್ಲಿ ಪಾಲಿದೆ. ಈಗಿನ ಕಾರವಾರ ಪಟ್ಟಣವು 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿ ಜಿಲ್ಲಾ ಕೇಂದ್ರವಾದ ಮೇಲೆ ಬೆಳೆದದ್ದು. ಅದಕ್ಕಿಂತ ಮೊದಲಿನ ಹಳೆಯ ಕಾರವಾರ ಇದ್ದದ್ದು ಈಗಿನ ಪಟ್ಟಣದಿಂದ ಸುಮಾರು ಮೂರು ಮೈಲಿ ಪೂರ್ವಕ್ಕೆ, ಕಾಳಿ ಹೊಳೆಯ ದಂಡೆಯ ಮೇಲೆ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕೋಠಿ ಹಾಕಿ ಮೆಣಸು, ಬಟ್ಟೆ ಕೊಂಡು ಕಳಿಸಿದ್ದು ಈ ಹಳೆಯ ಕಾರವಾರದಿಂದ. 1665ರಲ್ಲಿ ಶಿವಾಜಿ ಮಹಾರಾಜರು ಈ ದಾರಿಯಾಗಿ ಬಂದು ಹೋದರು. ಮುಂದೆ 1883ರಲ್ಲಿ ಇಪ್ಪತ್ತೆರಡು ವರ್ಷದ ರವೀಂದ್ರನಾಥ ಠಾಗೋರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದದ್ದು ಆಗ. ಕಾಳಿಯಲ್ಲಿ ದೋಣಿ ಹತ್ತಿ ಹೋಗಿ ಗುಡ್ಡದ ಹಳೆಯ ಕೋಟೆಯೊಂದನ್ನು ನೋಡಿದ್ದನ್ನು ಅವರು ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ. ವಿಶ್ವಕವಿಯೇ ನೋಡಿ ಮೆಚ್ಚಿದ ದಂಡೆ ಇದು. ಆದರೆ ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಗಿದೆ.

ಕಾಳಿಗೆ ಸೇತುವೆ ಆಗಿ ಹೆದ್ದಾರಿ ಬಂದಾಗ ಸದಾಶಿವಗಡದ ಗುಡ್ಡವನ್ನೇ ಸೀಳಿ ರಸ್ತೆ ತೆಗೆದರು. ಇಂದು ಗೋವೆಯಿಂದ ಬರುವವರು ಕೋಟೆಯ ಗುಡ್ಡದ ನಡುವಿಂದಲೇ ದಾಟಿ ಬರುತ್ತಾರೆ. ತಾವು ಕೋಟೆಯೊಂದರ ಹೊಟ್ಟೆಯೊಳಗಿಂದ ಬಂದೆವು ಅಂತ ನೂರರಲ್ಲಿ ಐದು ಮಂದಿಗೂ ಗೊತ್ತಾಗುವುದಿಲ್ಲ. ಸೇತುವೆ ಬೇಡ ಎಂದು ಯಾರೂ ಹೇಳಲಾರರು. ದೋಣಿಗೆ ಕಾದು ನಿಂತ ಕಷ್ಟ ಹಿರಿಯರಿಗೆ ಗೊತ್ತು. ಆದರೆ ಆ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಹೊಳೆಗೆ ಬಿತ್ತು. ಅದರ ಆಯುಷ್ಯ ನಾಲ್ಕು ದಶಕ. ಅದು ಬೀಳುವ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಸೇತುವೆ ಬಿದ್ದರೆ ಇನ್ನೊಂದು ಕಟ್ಟಬಹುದು. ಸೀಳಿದ ಗುಡ್ಡವನ್ನು, ಅದರ ಮೇಲಿನ ಮುನ್ನೂರು ವರ್ಷದ ಗೋಡೆಯನ್ನು ಯಾವ ಗುತ್ತಿಗೆದಾರನಿಂದಲೂ ಕಟ್ಟಿಕೊಡಲಿಕ್ಕಾಗದು.

ಗಡದ ಮೇಲೆ ದುರ್ಗಾದೇವಿಯ ಗುಡಿ, ಗುಡ್ಡದ ಆಸರೆಯಲ್ಲಿ ದರ್ಗಾ ಇದೆ. ಜನ ಹೋಗಿ ಬಂದು ಮಾಡುತ್ತಾರೆ. ಅಷ್ಟರ ಮಟ್ಟಿಗೆ ಅದು ಜೀವಂತ ಇದೆ. ಗೋಡೆ ಬಿದ್ದರೂ ಕಾಲುದಾರಿ ಉಳಿಸಿದ್ದು ಭಕ್ತರೇ ಎಂದರೆ ತಪ್ಪಾಗಲಾರದು.

ಅಂಜುದೀವ್ ಮತ್ತು ಕೂರ್ಮಗಡ

ಬಿಣಗಾದ ಎದುರಿನ ಅಂಜುದೀವ್ ದ್ವೀಪದ ಕತೆ ಬೇರೆ. ವಾಸ್ಕೋ ಡ ಗಾಮಾ 1498ರಲ್ಲಿ ಮರಳಿ ಹೋಗುವಾಗ ಇಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಪೋರ್ತುಗೀಜರು ಇಲ್ಲಿ ಕೋಟೆ ಕಟ್ಟಿ ಮರುವರ್ಷವೇ ಕೆಡವಿದರು. 1682ರಲ್ಲಿ ಮತ್ತೆ ಕಟ್ಟಿದರು. ಮುಂಬಯಿ ದ್ವೀಪ ಇಂಗ್ಲಿಷರ ಕೈಗೆ ಸಿಗುವವರೆಗೆ ಕಾಯುತ್ತ, ಸರ್ ಅಬ್ರಹಾಂ ಶಿಪ್‌ಮನ್ ಎಂಬವನ ಸೈನಿಕರು 1660ರ ದಶಕದಲ್ಲಿ ಇಲ್ಲೇ ಬೀಡುಬಿಟ್ಟಿದ್ದರು. ಶಿಪ್‌ಮನ್ ಸೇರಿ ಬಹುಪಾಲು ಮಂದಿ ಜ್ವರ, ರೋಗದಿಂದ ಇಲ್ಲೇ ಮಣ್ಣಾದರು. ಕಡೆಗೆ 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಕಾಲಕ್ಕೆ ಈ ದ್ವೀಪ ಬಿಡಿಸುವಾಗ ನಮ್ಮ ನೌಕಾದಳದ ಏಳು ಮಂದಿ ವೀರಮರಣ ಹೊಂದಿದರು. ಆಡಳಿತಕ್ಕೆ ಗೋವೆಗೆ ಸೇರಿದರೂ ಕಣ್ಣಿಗೆ ಕಾಣುವುದು ನಮ್ಮ ಕಡಲಿನಲ್ಲೇ.

ಈಗ ಅದು ನೌಕಾನೆಲೆಯ ಒಳಗಿದೆ. ದೇಶದ ಭದ್ರತೆಯ ಪ್ರಶ್ನೆ, ನಾವು ಅದಕ್ಕೆ ತಲೆ ಬಾಗುತ್ತೇವೆ. ಒತ್ತುವರಿ, ರೆಸಾರ್ಟು, ಕಲ್ಲು ಕಳ್ಳತನ ಇವುಗಳ ಭಯ ಅಲ್ಲಿಲ್ಲ ಎಂಬ ಸಮಾಧಾನವೂ ಉಂಟು. ಆದರೆ ಹಿಂದೆ ಅಲ್ಲಿನ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರ ಮೊಮ್ಮಕ್ಕಳಿಗೆ ಅದು ದೂರದ ಒಂದು ಹಸುರು ಗೆರೆ ಮಾತ್ರ. ಕಾಪಾಡಿದ್ದಾಯಿತು, ಆದರೆ ಜನರ ಬಳಕೆಯಿಂದ ಹೋಯಿತು.

ಅದೇ ಕಡಲಲ್ಲಿರುವ ಕೂರ್ಮಗಡಕ್ಕೆ ಇಂದಿಗೂ ಪ್ರತಿ ವರ್ಷ ನರಸಿಂಹ ದೇವರ ಜಾತ್ರೆಗೆ ದೋಣಿಗಳು ಹೋಗುತ್ತವೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿ ಹದಿನಾರು ಮಂದಿ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಸ್ಥಳ ಎಲ್ಲರಿಗೂ ತೆರೆದಿದೆ ಎಂದರೆ ಸಾಲದು, ಅಲ್ಲಿಗೆ ಹೋಗುವವರ ಜೀವಕ್ಕೂ ಒಬ್ಬರು ಜವಾಬ್ದಾರರು ಬೇಕು ಎಂಬ ಪಾಠವನ್ನು ಆ ದಿನ ಕಲಿಸಿತು.

ಅಂಕೋಲೆಯ ಉಪ್ಪು

ಚಾರಿತ್ರಿಕ ಸ್ಥಳ ಅಂದರೆ ರಾಜರ ಕೋಟೆ ಮಾತ್ರ ಎಂದು ಭಾವಿಸಬಾರದು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಮುಂದೆ ಕರನಿರಾಕರಣೆ ಚಳವಳಿ ಎದ್ದಿತು. ಅಂಕೋಲೆ, ಸಿದ್ದಾಪುರದ ರೈತರು ತೀರ್ವೆ ಕೊಡುವುದಿಲ್ಲ ಎಂದು ಕೂತರು. ಜಮೀನು ಜಪ್ತಿಯಾಯಿತು, ದನಕರು ಹರಾಜಾಯಿತು, ಗಂಡಸರು ಜೇಲಿಗೆ ಹೋದರು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ದಿನ ದೂಡಿದರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಮೀನು ಮರಳಿ ಸಿಗುವ ದಾರಿಯಾಯಿತು. ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದದ್ದು ಹೀಗೆ.

ಈ ಚರಿತ್ರೆಗೆ ಗೋಪುರವಿಲ್ಲ, ಶಾಸನವಿಲ್ಲ. ಉಪ್ಪು ತೆಗೆದ ದಂಡೆ, ಸಭೆ ನಡೆದ ಬಯಲು, ಜಪ್ತಿಯಾದ ಗದ್ದೆ, ಇವೇ ಅದರ ಸ್ಮಾರಕ. ಕಲ್ಲಿನ ಗುಡಿ ನೂರು ವರ್ಷ ಯಾರೂ ನೋಡದಿದ್ದರೂ ನಿಂತೀತು. ಬಯಲು ಹಾಗಲ್ಲ. ಒಂದು ಮಳೆಗಾಲ ಕಳೆದು ಮಣ್ಣು ತುಂಬಿ ಪ್ಲಾಟು ಮಾಡಿದರೆ ಮುಗಿಯಿತು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳು ಇಂದಿಗೂ ಉಳಿದಿವೆ. ಉಳಿಸಿದ್ದು ಯಾರು ಅಂದರೆ, ಆಗರದ ಮಾಲೀಕರು ಕೂಡಿ ಕಟ್ಟಿಕೊಂಡ ಒಂದು ಸಹಕಾರಿ ಸಂಘ. ನಮ್ಮಂಥ ಸಂಘಗಳಿಗೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಾಗಿಲ್ಲ.

ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಪುರಾತತ್ವ ಇಲಾಖೆ ಪ್ರಾರಂಭವಾದದ್ದು 1861ರಲ್ಲಿ. ಲಾರ್ಡ್ ಕರ್ಜನ್ನನ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ ಸಂವಿಧಾನದ 49ನೇ ಅನುಚ್ಛೇದದಲ್ಲಿ ರಾಷ್ಟ್ರೀಯ ಮಹತ್ವದ ಸ್ಥಳಗಳನ್ನು ಕಾಪಾಡುವುದು ಸರಕಾರದ ಹೊಣೆ ಎಂದು ಬರೆದರು. 1976ರಲ್ಲಿ 51ಎ ಅನುಚ್ಛೇದ ಸೇರಿಸಿ, ನಮ್ಮ ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದೂ ಬರೆದರು. ಅಂದರೆ ಹೊಣೆ ಸರಕಾರದ್ದೂ ಹೌದು, ನಮ್ಮದೂ ಹೌದು.

ಈಗ ಜಾರಿಯಲ್ಲಿರುವುದು ಕೇಂದ್ರದ 1958ರ ಕಾಯ್ದೆ ಮತ್ತು ಕರ್ನಾಟಕದ 1961ರ ಕಾಯ್ದೆ. ಕೇಂದ್ರದ ಯಾದಿಯಲ್ಲಿ ದೇಶದಾದ್ಯಂತ 3,600ಕ್ಕೂ ಹೆಚ್ಚು ಸ್ಮಾರಕಗಳಿವೆ. ಅವುಗಳಲ್ಲಿ ಸುಮಾರು 500 ನಮ್ಮ ಕರ್ನಾಟಕದಲ್ಲೇ ಇವೆ. ನಮ್ಮ ಜಿಲ್ಲೆಯಲ್ಲಿ ಬನವಾಸಿಯ ಮಧುಕೇಶ್ವರ ದೇವಸ್ಥಾನ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ ಕೇಂದ್ರದ ರಕ್ಷಣೆಯಲ್ಲಿವೆ. ಇಂಥ ಸ್ಮಾರಕವನ್ನು ಕೆಡಿಸಿದವರಿಗೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಹತ್ತಿರ ಮನೆ ಇದ್ದರೆ ಹಂಚು ಬದಲಿಸಲಿಕ್ಕೂ ಬಿಡೂದಿಲ್ವಂತೆ" ಎಂಬ ಮಾತು ಕೇಳಿಬರುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಇದ್ದ ಮನೆಯ ದುರಸ್ತಿಗೆ ಪರವಾನಿಗೆ ಪಡೆದು ಮಾಡಬಹುದು. ಅದರಾಚೆಯ 200 ಮೀಟರಿನಲ್ಲಿ ಪರವಾನಿಗೆ ಪಡೆದು ಹೊಸದನ್ನೂ ಕಟ್ಟಬಹುದು. ಪರವಾನಿಗೆಗೆ ಓಡಾಡುವ ತ್ರಾಸು ಇದ್ದೇ ಇದೆ. ಬಡವನಿಗೆ ಅದು ದೊಡ್ಡ ತ್ರಾಸು. ಅದನ್ನು ಸುಲಭ ಮಾಡಿಕೊಡಿ ಎಂದು ಸರಕಾರವನ್ನು ಕೇಳುವುದು ನ್ಯಾಯ. ಆದರೆ ಆ ಕಾರಣಕ್ಕೆ ಕಾಯ್ದೆಯೇ ಬೇಡ ಅನ್ನುವುದು, ಜಾಮೀನು ಕೇಳ್ತಾರೆ ಅಂತ ಸಂಘವೇ ಬೇಡ ಅಂದ ಹಾಗೆ.

ಪುಸ್ತಕದಲ್ಲಿದ್ದರೆ ಸಾಲದು

ಯಾದಿಯಲ್ಲಿ ಹೆಸರು ಇದ್ದರೆ ಸ್ಮಾರಕ ಉಳಿಯಿತು ಎಂದು ತಿಳಿಯಬೇಡಿ. ನಮ್ಮ ಸಂಘದಲ್ಲಿ ಲೆಕ್ಕಪರಿಶೋಧಕರು ಬಂದಾಗ ದಾಸ್ತಾನು ಪುಸ್ತಕ ನೋಡಿ ಸುಮ್ಮನೆ ಹೋಗುವುದಿಲ್ಲ, ಗೋದಾಮಿಗೆ ಹೋಗಿ ಗೊಬ್ಬರದ ಚೀಲ ಎಣಿಸುತ್ತಾರೆ. ದೇಶದ ಮಹಾಲೇಖಪಾಲರು 2013ರ ವರದಿಗಾಗಿ ಹೀಗೇ ಮಾಡಿಸಿದರು. ಕೇಂದ್ರದ ಯಾದಿಯಲ್ಲಿದ್ದ 1,655 ಸ್ಮಾರಕಗಳ ಜಾಗಕ್ಕೇ ಹೋಗಿ ನೋಡಿದಾಗ 92 ಸ್ಮಾರಕಗಳು ಅಲ್ಲಿರಲಿಲ್ಲ! ಆಮೇಲೆ ಇಲಾಖೆ ಹುಡುಕಿ 42ನ್ನು ಗುರುತಿಸಿತು. ಉಳಿದ 50ರಲ್ಲಿ 14 ಬೆಳೆದ ಪೇಟೆಗಳ ಅಡಿಯಲ್ಲಿ, 12 ಅಣೆಕಟ್ಟಿನ ನೀರಿನಲ್ಲಿ ಹೋಗಿದ್ದವು. 24 ಎಲ್ಲಿದ್ದವು ಎಂಬುದೇ ಪತ್ತೆಯಾಗಲಿಲ್ಲ. ರಾಷ್ಟ್ರೀಯ ಮಹತ್ವದ್ದು ಎಂದು ಠಸ್ಸೆ ಹೊಡೆದದ್ದಕ್ಕೇ ಈ ಗತಿಯಾದರೆ, ಯಾವ ಪುಸ್ತಕದಲ್ಲೂ ಇಲ್ಲದ ನಮ್ಮೂರ ವೀರಗಲ್ಲಿನ ಗತಿ ಏನು?

ಅದು ಕಳೆದುಹೋಗುವುದು ಒಂದೇ ದಿನಕ್ಕಲ್ಲ. ಮೊದಲು ಯಾರೋ ಅದಕ್ಕೆ ದನ ಕಟ್ಟುತ್ತಾರೆ. ಆಮೇಲೆ ಬಟ್ಟೆ ಒಗೆಯುವ ಕಲ್ಲಾಗುತ್ತದೆ. ನಿಧಿಯ ಆಸೆಗೆ ರಾತ್ರಿ ಬಂದು ಕಿತ್ತು ನೋಡುವವರೂ ಇದ್ದಾರೆ. ಇಲ್ಲವೇ ಭಕ್ತಿ ಹೆಚ್ಚಾಗಿ ಎಣ್ಣೆಬಣ್ಣ ಬಳಿದು, ಸಿಮೆಂಟು ಮೆತ್ತಿ ಅಕ್ಷರ ಮುಚ್ಚುತ್ತಾರೆ. ಕಡೆಗೆ ಜೆ.ಸಿ.ಬಿ. ಬಂದ ದಿನ "ಅದೊಂದು ಹಳೇ ಕಲ್ಲು" ಅಂತ ಅಡಿಪಾಯಕ್ಕೆ ಹೋಗುತ್ತದೆ. ಕೇಳುವವರಿಲ್ಲ. ಯಾಕಂದರೆ ಅದು 'ಎಲ್ಲರದ್ದು'. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ ಎಂಬ ಅರ್ಥ ನಮ್ಮಲ್ಲಿ ರೂಢಿಯಾಗಿದೆ.

ಗಜನಿ ಗದ್ದೆ ಮಾಡುವವರಿಗೆ ಈ ಮಾತು ಬೇಗ ತಿಳಿಯುತ್ತದೆ. ಉಪ್ಪುನೀರು ಒಳಗೆ ಬರದಂತೆ ಕಟ್ಟಿದ ಕಟ್ಟೆ ಯಾರೊಬ್ಬರದ್ದೂ ಅಲ್ಲ. ಆದರೆ ಏಡಿ ತೋಡಿದ ಒಂದು ತೂತನ್ನು "ನನ್ನ ಗದ್ದೆ ಹತ್ರ ಅಲ್ಲ" ಅಂತ ಬಿಟ್ಟರೆ, ಭರತ ಬಂದ ರಾತ್ರಿ ಎಲ್ಲರ ಗದ್ದೆಗೂ ಉಪ್ಪುನೀರು. ಅದಕ್ಕೇ ಹಿಂದಿನವರು ಕಟ್ಟೆ ಕಾಯಲು ಪಾಳಿ ಹಾಕಿಕೊಂಡಿದ್ದರು. ಸಾರ್ವಜನಿಕ ಎಂಬುದಕ್ಕೆ ನಿಜವಾದ ಅರ್ಥ ಅದೇ: ಎಲ್ಲರದ್ದು ಅಂದರೆ ಎಲ್ಲರಿಗೂ ಪಾಳಿ ಉಂಟು.

ಹಂಪಿಯ ಪಾಠ, ಹೊರದೇಶದ ಮಾದರಿ

ಸರಕಾರವೊಂದೇ ಕಾಯಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಹಂಪಿಯನ್ನು ನೋಡಬಹುದು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಯಾದಿಗೆ ಸೇರಿತು. ಮುಂದೆ ಆನೆಗೊಂದಿಗೆ ಹೋಗಲು ತಳವಾರಘಟ್ಟದ ಹತ್ತಿರ ಸರಕಾರವೇ ಸೇತುವೆ ಕಟ್ಟಲು ಹೊರಟು, 1999ರಲ್ಲಿ ಹಂಪಿ 'ಅಪಾಯದಲ್ಲಿರುವ ಸ್ಥಳಗಳ' ಯಾದಿಗೆ ಬಿತ್ತು. 2006ರಲ್ಲಿ ಹೊರಬಂತು. ಆ ಸೇತುವೆ ಕಟ್ಟುತ್ತಿರುವಾಗಲೇ 2009ರಲ್ಲಿ ಕುಸಿಯಿತು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. ಕಲ್ಲಿನ ಮಂಟಪ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರಾರು ಕುಟುಂಬಗಳ ಅನ್ನದ ಪ್ರಶ್ನೆಯನ್ನು ಮೊದಲೇ ಕೂತು ಬಗೆಹರಿಸಿದ್ದರೆ, ಅದೇ ಜನ ಹಂಪಿಯ ಮೊದಲ ಕಾವಲುಗಾರರಾಗುತ್ತಿದ್ದರು. ಎದ್ದು ಹೋದ ನೋವು ಏನೆಂದು ಕಾರವಾರದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೊರದೇಶಗಳಲ್ಲಿ ಇದಕ್ಕೆ ಬೇರೆ ದಾರಿಗಳನ್ನು ಕಂಡುಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 1895ರಲ್ಲಿ 'ನ್ಯಾಶನಲ್ ಟ್ರಸ್ಟ್' ಎಂಬ ಸಂಸ್ಥೆ ಹುಟ್ಟಿತು. ಅದು ಸರಕಾರದ ಇಲಾಖೆಯಲ್ಲ. ನಮ್ಮ ಸಂಘದ ಹಾಗೆ ಸದಸ್ಯರ ವಂತಿಗೆಯಿಂದ ನಡೆಯುವುದು. ಈಗ ಅದರ ಸದಸ್ಯರು ಐವತ್ತು ಲಕ್ಷಕ್ಕೂ ಹೆಚ್ಚು. 1907ರ ಕಾಯ್ದೆಯ ಪ್ರಕಾರ ಅದು 'ಪರಭಾರೆ ಮಾಡಲಾಗದ್ದು' ಎಂದು ಘೋಷಿಸಿದ ಆಸ್ತಿಯನ್ನು ಆಡಳಿತ ಮಂಡಳಿಯೇ ಮನಸ್ಸು ಮಾಡಿದರೂ ಮಾರುವಂತಿಲ್ಲ. ನಮ್ಮ ಮೀಸಲು ನಿಧಿಯ ತತ್ವವೇ ಅಲ್ಲಿಯೂ ಇದೆ ನೋಡಿ. ನ್ಯೂಜಿಲೆಂಡಿನಲ್ಲಿ 1977ರ ಕಾಯ್ದೆಯಲ್ಲಿ 'ಚಾರಿತ್ರಿಕ ಮೀಸಲು' ಎಂಬ ಪ್ರತ್ಯೇಕ ವರ್ಗವೇ ಇದೆ. ಅಂಥ ಸ್ಥಳವನ್ನು ಅಲ್ಲಿನ ಸ್ಥಳೀಯ ಸಂಸ್ಥೆಯ ಕೈಗೂ ಉಸ್ತುವಾರಿಗೆ ಕೊಡಬಹುದು.

ಇಷ್ಟು ದೂರ ಹೋಗಬೇಕೆಂದೂ ಇಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟು ಸರಕಾರ ಮತ್ತು ಊರವರನ್ನು ಕೂಡಿಸಿಕೊಂಡು ರಾಜ್ಯದ ಎಷ್ಟೋ ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಊರವರ ಪಾಲೂ ಅದರಲ್ಲಿರುತ್ತದೆ. ಪಾಲು ಕೊಟ್ಟವನು ಕಾಯುತ್ತಾನೆ. ಶೇರು ಹಾಕಿದ ಸದಸ್ಯ ಸಭೆಗೆ ಬಂದು ಲೆಕ್ಕ ಕೇಳುವುದು ಅದಕ್ಕೇ ಅಲ್ಲವೇ?

ನಾವು ಏನು ಮಾಡಬಹುದು?

ಕೋಟೆ ಕಟ್ಟಿಸುವುದು ನಮ್ಮ ಸಂಘದ ಕೆಲಸವಲ್ಲ. ಆದರೆ ಖರ್ಚಿಲ್ಲದೆ ಅಥವಾ ಅಲ್ಪ ಖರ್ಚಿನಲ್ಲಿ ಆಗುವ ಕೆಲವು ಕೆಲಸಗಳಿವೆ. ಸದಸ್ಯರ ವಿಚಾರಕ್ಕಾಗಿ ಇಲ್ಲಿ ಮುಂದಿಡುತ್ತಿದ್ದೇವೆ.

ಮೊದಲನೆಯದು, ಯಾದಿ. ನಮ್ಮ ಗ್ರಾಮ ಮತ್ತು ಸುತ್ತಲಿನ ಮಜರೆಗಳಲ್ಲಿ ಇರುವ ಹಳೆಯ ಕಲ್ಲು, ಬಾವಿ, ಕೆರೆ, ಬನ, ಗುಡಿ, ದೋಣಿಯ ಧಕ್ಕೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯುವುದು. ಎಲ್ಲಿದೆ, ಸರ್ವೆ ನಂಬರು ಯಾವುದು, ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದು ಮೂರು ಸಾಲಿನಲ್ಲಿ ಇದ್ದರೆ ಸಾಕು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ನಮ್ಮದು. ಹಿರಿಯರು ಕೊಂಕಣಿಯಲ್ಲಿ ಹೇಳಿದರೆ ಮಕ್ಕಳು ಕನ್ನಡದಲ್ಲಿ ಬರೆಯಲಿ. ಎಪ್ಪತ್ತು ದಾಟಿದವರ ಬಾಯಲ್ಲಿರುವ ಮಾತು ಮುಂದಿನ ಹತ್ತು ವರ್ಷ ಕಾಯುವುದಿಲ್ಲ.

ಎರಡನೆಯದು, ದಾಖಲೆ. ಸರಕಾರಿ ಜಾಗದಲ್ಲಿರುವ ಇಂಥ ಸ್ಥಳಗಳನ್ನು ಸಾರ್ವಜನಿಕ ಉಪಯೋಗಕ್ಕೆ ಕಾಯ್ದಿಡಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ಪಂಚಾಯತಿಯ ಮೂಲಕ ತಹಶೀಲದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ಕಳಿಸುವುದು. ಪಹಣಿಯಲ್ಲಿ ಇಲ್ಲದ್ದು ನಾಳೆ ನೆಲದ ಮೇಲೂ ಇರುವುದಿಲ್ಲ. ರೈತರಾದ ನಮಗೆ ಪಹಣಿಯ ಬೆಲೆ ಬೇರೆಯವರು ಹೇಳಬೇಕಾಗಿಲ್ಲ.

ಮೂರನೆಯದು, ಉಳುವಾಗ, ಬಾವಿ ತೋಡುವಾಗ ಹಳೆಯ ನಾಣ್ಯ, ವಿಗ್ರಹ, ತಾಮ್ರಪಟ ಸಿಕ್ಕರೆ ಅಡಗಿಸಬಾರದು. 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು. ಅಡಗಿಸಿದರೆ ಅಪರಾಧ. ಅಕ್ಷರವಿರುವ ಕಲ್ಲು ಕಂಡರೆ ಸುಣ್ಣ, ಬಣ್ಣ, ಸಿಮೆಂಟು ಹಚ್ಚದೆ, ಓದಲು ಬಲ್ಲವರನ್ನು ಕರೆಸಬೇಕು.

ನಾಲ್ಕನೆಯದು, ವರ್ಷಕ್ಕೊಂದು ದಿನ ಪಾಳಿ. ಮಳೆಗಾಲ ಮುಗಿದ ಮೇಲೆ ಒಂದು ರವಿವಾರ ಶಾಲೆಯ ಮಕ್ಕಳು, ಯುವಕ ಮಂಡಳ, ಮಹಿಳಾ ಸ್ವಸಹಾಯ ಗುಂಪಿನವರು ಕೂಡಿ ಈ ಜಾಗಗಳ ಮುಳ್ಳು ಕಡಿದು ದಾರಿ ಬಿಡಿಸುವುದು. ಗೋಡೆಯ ಸಂದಿಯಲ್ಲಿ ಬೆಳೆದ ಗಿಡವನ್ನು ಎಳೆದು ಕೀಳಬಾರದು, ಕಲ್ಲು ಸಡಿಲಾಗುತ್ತದೆ. ಅದನ್ನು ತಿಳಿದವರ ಎದುರಿಗೇ ಮಾಡಬೇಕು. ಮಕ್ಕಳನ್ನು ವರ್ಷಕ್ಕೊಮ್ಮೆ ಸದಾಶಿವಗಡಕ್ಕೆ, ಅಂಕೋಲೆಗೆ ಕರೆದುಕೊಂಡು ಹೋಗಬೇಕು. ಚಹಾ, ಅವಲಕ್ಕಿಯ ಖರ್ಚನ್ನು ಸಂಘದ ಸಾಮಾನ್ಯ ಹಿತ ನಿಧಿಯಿಂದ ಕೊಡಲು ಸರ್ವಸಾಧಾರಣ ಸಭೆ ಒಪ್ಪಿದರೆ ಅದು ಈ ರಜತ ವರ್ಷದ ಒಳ್ಳೆಯ ನಿರ್ಣಯವಾದೀತು.

ಐದನೆಯದು, ಮುಂದೆ ಯಾವ ಸ್ಥಳವನ್ನು ಸಂರಕ್ಷಿತ ಎಂದು ಸಾರಲು ಇಲಾಖೆಯವರು ಬಂದರೂ, ಬೇಡ ಅಂತ ಬಾಗಿಲು ಹಾಕುವುದೂ ಬೇಡ, ಹೂಂ ಅಂತ ಸುಮ್ಮನೆ ಸಹಿ ಮಾಡುವುದೂ ಬೇಡ. ಗಡಿ ಎಲ್ಲಿಯವರೆಗೆ, ಯಾರ ಜಮೀನು ಹೋಗುತ್ತದೆ, ದಾರಿ, ಪೂಜೆ, ಜಾತ್ರೆ, ದನ ಮೇಯುವ ಹಕ್ಕು ಉಳಿಯುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಬಾಗಿಲಿಗೆ ಕೀಲಿ ಹಾಕುವ ಮೀಸಲಿಗೆ ಅಲ್ಲ, ಬಾಗಿಲು ಕಾಯುವ ಮೀಸಲಿಗೆ ನಮ್ಮ ಒಪ್ಪಿಗೆ ಎಂದು ಊರು ಒಂದೇ ಬಾಯಲ್ಲಿ ಹೇಳಬೇಕು.

1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದಾಗ ಅವರ ಬೆನ್ನಿಗೆ ಇದ್ದದ್ದು ಊರಿನ ಬೆರಳೆಣಿಕೆಯ ರೈತರು. ಇಂದು ನಾಡಿನ ಸಹಕಾರಿಗಳೆಲ್ಲ ಆ ಹಳ್ಳಿಯ ಹೆಸರನ್ನು ಗೌರವದಿಂದ ಹೇಳುತ್ತಾರೆ. ಅದೂ ಈಗ ಒಂದು ಚಾರಿತ್ರಿಕ ಸ್ಥಳವೇ. ಅಂದರೆ ಸಾಮಾನ್ಯ ರೈತರು ಕೂಡಿ ಮಾಡಿದ ಕೆಲಸವೂ ಚರಿತ್ರೆಯಾಗುತ್ತದೆ. ನಮ್ಮ ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಈಗಿನ ಶಾಲೆಯ ಮಕ್ಕಳು ನಿರ್ದೇಶಕರಾಗಿ ಕೂತಿರುತ್ತಾರೆ. ಆಗ ಅವರು ಪುಸ್ತಕ ತೆಗೆದು ನೋಡಿದರೆ ಹಣದ ಮೀಸಲು ನಿಧಿಯೂ ಇರಬೇಕು, ನೆಲದ ಮೀಸಲು ನಿಧಿಯೂ ಇರಬೇಕು. ಎರಡರಲ್ಲೂ ಬಾಕಿ ಶೂನ್ಯ ಎಂದು ಬರೆದಿಟ್ಟು ಹೋಗುವ ಹಕ್ಕು ನಮಗಿಲ್ಲ.

 ಮೇಲಿನ ವಿಚಾರವನ್ನು ಬರುವ ವಾರ್ಷಿಕ ಸಭೆಯಲ್ಲಿ ಚರ್ಚಿಸಬೇಕೆಂದು ಕೋರುತ್ತೇವೆ.

ಜೈ ಸಹಕಾರ.